ವಾರ್ಷಿಕ ಪಾಠ ಯೋಜನೆ

ಒಂದು ತರಗತಿಗೆ ಒಂದು ವಿಷಯವನ್ನು ವರ್ಷವಿಡೀ ಯಾವ ಕ್ರಮದಲ್ಲಿ, ಎಷ್ಟು ಪಿರಿಯಡ್‌ಗಳಲ್ಲಿ, ಯಾವ ಗುರಿ ಇಟ್ಟುಕೊಂಡು ಕಲಿಸಬೇಕೆಂದು ಶಿಕ್ಷಕರು ಮೊದಲೇ ಹಾಕಿಕೊಳ್ಳುವ ಲೆಕ್ಕಾಚಾರವೇ ವಾರ್ಷಿಕ ಪಾಠ ಯೋಜನೆ. ಕರ್ನಾಟಕದ ಶಾಲೆಗಳಲ್ಲಿ ಇದು ವಾರ್ಷಿಕ ಪಾಠ ಹಂಚಿಕೆ, ಘಟಕ ಯೋಜನೆ, ದಿನದ ಪಾಠ ಯೋಜನೆ ಎಂದು ಮೂರು ಹಂತಗಳಲ್ಲಿ ದಾಖಲಾಗುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಸಾಮಾನ್ಯವಾಗಿ ಪಠ್ಯಪುಸ್ತಕದ ಪಾಠಗಳನ್ನು ಜೂನ್‌ನಿಂದ ಮಾರ್ಚ್‌ವರೆಗಿನ ತಿಂಗಳುಗಳಿಗೆ ಸಮನಾಗಿ ಹಂಚಿಬಿಡುತ್ತಾರೆ. ಇದರಿಂದ ಪುಸ್ತಕ ಯಾವಾಗ ಮುಗಿಯುತ್ತದೆಂಬುದು ತಿಳಿಯುತ್ತದೆ. ಅಷ್ಟರೊಳಗೆ ಮಕ್ಕಳು ಏನು ಕಲಿತಿರುತ್ತಾರೆಂಬುದು ತಿಳಿಯುವುದಿಲ್ಲ. ಒಳ್ಳೆಯ ಯೋಜನೆ ಮಕ್ಕಳಿಗೆ ಈಗಾಗಲೇ ಬರುವುದರಿಂದ ಹೊರಡಬೇಕು, ಮತ್ತೆ ಕಲಿಸಲು ಬೇಕಾದ ಸಮಯವನ್ನೂ ಒಳಗೊಂಡಿರಬೇಕು.

ಮೊದಲು ಸಮಯದ ಲೆಕ್ಕ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ ಮತ್ತು 800 ಬೋಧನಾ ಗಂಟೆ, ಆರರಿಂದ ಎಂಟಕ್ಕೆ 220 ದಿನ ಮತ್ತು 1000 ಗಂಟೆ ಇರಬೇಕು. ಶಿಕ್ಷಕರ ವಾರದ ಕೆಲಸವನ್ನು ಅದು ಕನಿಷ್ಠ 45 ಗಂಟೆಯೆಂದು ನಿಗದಿ ಮಾಡಿದ್ದು, ತಯಾರಿಯ ಸಮಯವೂ ಅದರಲ್ಲೇ ಸೇರಿದೆ. ವಾರಕ್ಕೆ ಆರು ದಿನವೆಂದರೆ 220 ದಿನ 36ರಿಂದ 37 ವಾರವಾಗುತ್ತದೆ. ವಾರಕ್ಕೆ ಐದು ಪಿರಿಯಡ್ ಇರುವ ವಿಷಯಕ್ಕೆ ಸಿಗುವುದು ಸುಮಾರು 180 ಪಿರಿಯಡ್. ಪರೀಕ್ಷೆ, ಕ್ರೀಡಾಕೂಟ, ಪ್ರತಿಭಾ ಕಾರಂಜಿ, ಜಯಂತಿಗಳು ಇದರಲ್ಲಿ ಪಾಲು ಪಡೆಯುತ್ತವೆ. ಮಲೆನಾಡು, ಕರಾವಳಿಗಳಲ್ಲಿ ಮಳೆಗಾಲದ ರಜೆ ಬೇರೆ. ಚುನಾವಣೆ ಮತ್ತು ಜನಗಣತಿಯ ಕೆಲಸಕ್ಕೆ ಶಿಕ್ಷಕರನ್ನು ಕರೆಯಲು ಇದೇ ಕಾಯ್ದೆಯ 27ನೆಯ ಸೆಕ್ಷನ್ ಅವಕಾಶ ಕೊಡುತ್ತದೆ. ಆದ್ದರಿಂದ ಒಟ್ಟು ಪಿರಿಯಡ್‌ಗಳಲ್ಲಿ ಐದರಲ್ಲೊಂದು ಪಾಲನ್ನು ಯಾವ ಪಾಠಕ್ಕೂ ಕೊಡದೆ ಖಾಲಿ ಬಿಡುವುದು ವಿವೇಕದ ಕೆಲಸ. ಬಿಡುವೇ ಇಲ್ಲದ ಯೋಜನೆ ಜುಲೈನ ಮೊದಲ ಮಳೆ ರಜೆಗೇ ಹಳಿ ತಪ್ಪುತ್ತದೆ.

ಇನ್ನು ಹೊರಡುವ ಜಾಗ. ಕಲಿಕೆಯ ಮೇಲೆ ಎಲ್ಲಕ್ಕಿಂತ ಹೆಚ್ಚು ಪ್ರಭಾವ ಬೀರುವುದು ಕಲಿಯುವವರ ಪೂರ್ವಜ್ಞಾನ ಎಂದು ಅಮೆರಿಕದ ಮನೋವಿಜ್ಞಾನಿ ಡೇವಿಡ್ ಆಸುಬೆಲ್ 1968ರಲ್ಲೇ ವಾದಿಸಿದ್ದರು. ನಮ್ಮಲ್ಲಿ ಈ ಮಾತಿಗೆ ಎಷ್ಟು ತೂಕವಿದೆಯೆಂಬುದನ್ನು ಗ್ರಾಮೀಣ ಮಕ್ಕಳ ಕಲಿಕೆಯನ್ನು ಅಳೆಯುವ ‘ಅಸರ್’ ಸಮೀಕ್ಷೆ ತೋರಿಸಿದೆ. ಗ್ರಾಮೀಣ ಭಾರತದ ಐದನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಠ್ಯವನ್ನು ಓದಬಲ್ಲವರು 2018ರಲ್ಲಿ ಶೇ. 50.5 ಇದ್ದರೆ, ಕೊರೋನಾ ಕಾಲ ಕಳೆದ ಮೇಲೆ, 2022ರಲ್ಲಿ, ಶೇ. 42.8ಕ್ಕೆ ಇಳಿದಿದ್ದರು. ಹೀಗಿರುವಾಗ ಐದನೆಯ ತರಗತಿಯ ಮೊದಲ ಪಾಠವನ್ನು ಎಲ್ಲರಿಗೂ ಒಂದೇ ದಿನ ಶುರು ಮಾಡಿದರೆ ಅರ್ಧಕ್ಕಿಂತ ಹೆಚ್ಚು ಮಕ್ಕಳು ಮೊದಲ ವಾರದಲ್ಲೇ ಹಿಂದುಳಿಯುತ್ತಾರೆ. ಕರ್ನಾಟಕದಲ್ಲಿ ವರ್ಷಾರಂಭದಲ್ಲಿ ನಡೆಸುವ ಸೇತುಬಂಧ ಕಾರ್ಯಕ್ರಮದ ಉದ್ದೇಶವೇ ಮಕ್ಕಳಿಗೆ ಬರುವುದಕ್ಕೂ ತರಗತಿಯ ಪಾಠಕ್ಕೂ ನಡುವಿನ ಈ ಅಂತರವನ್ನು ಗುರುತಿಸುವುದು. ಅದರ ಫಲಿತಾಂಶ ಕಡತ ಸೇರಿಬಿಟ್ಟರೆ ಪ್ರಯೋಜನವಿಲ್ಲ. ವರ್ಷದ ಹಂಚಿಕೆಯನ್ನು ಅದು ಬದಲಾಯಿಸಬೇಕು. ಆರನೆಯ ತರಗತಿಯಲ್ಲಿ ಬೇರೆ ಬೇರೆ ಛೇದವಿರುವ ಭಿನ್ನರಾಶಿಗಳನ್ನು ಕೂಡಲು ಮಗ್ಗಿ, ಅಪವರ್ತ್ಯ, ಸಮಾನ ಭಿನ್ನರಾಶಿ ಮೂರೂ ಬರಬೇಕು. ಇವುಗಳಲ್ಲಿ ಒಂದು ಬಾರದಿದ್ದರೂ ಭಿನ್ನರಾಶಿಯ ಪಾಠಕ್ಕೆ ಕೊಟ್ಟ ಪಿರಿಯಡ್‌ಗಳೆಲ್ಲ ವ್ಯರ್ಥ. ಆದುದರಿಂದ ಪ್ರತಿ ಘಟಕದ ಎದುರಿಗೆ ಅದಕ್ಕೆ ಬೇಕಾದ ಪೂರ್ವಜ್ಞಾನವನ್ನು ಬರೆದಿಟ್ಟು, ಅದನ್ನು ಗಟ್ಟಿ ಮಾಡುವ ಪಿರಿಯಡ್‌ಗಳನ್ನು ಆ ಘಟಕಕ್ಕೆ ಮುಂಚೆಯೇ ಸೇರಿಸಬೇಕು.

ಗುರಿಯನ್ನು ಮೊದಲು ನಿರ್ಧರಿಸಿ ಆಮೇಲೆ ಪಾಠಕ್ಕೆ ಬರಬೇಕೆಂಬ ವಿಚಾರ ಶಿಕ್ಷಣತಜ್ಞ ರಾಲ್ಫ್ ಟೈಲರ್ 1949ರಲ್ಲಿ ಬರೆದ ಪಠ್ಯಕ್ರಮದ ಪುಸ್ತಕದಿಂದ ಬಲ ಪಡೆಯಿತು. ವರ್ಷಾಂತ್ಯಕ್ಕೆ ಮಗು ಏನು ಮಾಡಬಲ್ಲದು, ಅದು ಬಂದಿದೆಯೆಂದು ಹೇಗೆ ತಿಳಿಯುತ್ತದೆ ಎಂಬೆರಡಕ್ಕೆ ಉತ್ತರ ಸಿಕ್ಕಿದರೆ ಯಾವ ಪಾಠಕ್ಕೆ ಹತ್ತು ಪಿರಿಯಡ್, ಯಾವುದಕ್ಕೆ ಮೂರು ಸಾಕು ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ. ಪುನರಾವರ್ತನೆಯನ್ನು ಫೆಬ್ರವರಿಗೆ ಮುಂದೂಡುವ ರೂಢಿಯನ್ನೂ ಬಿಡಬೇಕು. ಕಲಿತದ್ದು ಬೇಗ ಮರೆತುಹೋಗುತ್ತದೆಂದು ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ಪ್ರಯೋಗದಿಂದ ತೋರಿಸಿದರು. ಮತ್ತೆ ಮತ್ತೆ ಓದುವುದಕ್ಕಿಂತ ನೆನಪಿನಿಂದ ಉತ್ತರಿಸಿದರೆ ಕಲಿತದ್ದು ಹೆಚ್ಚು ಕಾಲ ನಿಲ್ಲುತ್ತದೆಂದು 2006ರಲ್ಲಿ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ ಕಂಡುಕೊಂಡರು. ಜೂನ್‌ನ ಪಾಠದ ಪ್ರಶ್ನೆಗಳು ಆಗಸ್ಟ್‌ನಲ್ಲಿ, ನವೆಂಬರ್‌ನಲ್ಲಿ ಮತ್ತೆ ಬರುವಂತೆ ಜಾಗ ಮಾಡಿಕೊಳ್ಳುವುದು ವಾರ್ಷಿಕ ಯೋಜನೆಯಲ್ಲಿ ಮಾತ್ರ ಸಾಧ್ಯ, ದಿನದ ಟಿಪ್ಪಣಿಯಲ್ಲಿ ಅಲ್ಲ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ: ಹೀಗೆ ನಿಧಾನಿಸಿದರೆ ಪಠ್ಯ ಮುಗಿಯುವುದಿಲ್ಲ, ಸಂಕಲನಾತ್ಮಕ ಪರೀಕ್ಷೆಯಾಗಲಿ ಎಸ್‌ಎಸ್‌ಎಲ್‌ಸಿಯಾಗಲಿ ಯಾರಿಗೂ ಕಾಯುವುದಿಲ್ಲ. ಈ ಒತ್ತಡ ನಿಜವಾದದ್ದೇ. ಆದರೆ ಕಲಿಕೆಯ ವೇಗಕ್ಕಿಂತ ಪಠ್ಯ ಮುಂದೆ ಓಡಿದಷ್ಟೂ ಹೆಚ್ಚು ಮಕ್ಕಳು ಕಲಿಕೆಯಿಂದಲೇ ಹೊರಗುಳಿಯುತ್ತಾರೆ ಎಂದು ಸಂಶೋಧಕರಾದ ಲ್ಯಾಂಟ್ ಪ್ರಿಚೆಟ್ ಮತ್ತು ಅಮಾಂಡಾ ಬೀಟಿ ತಮ್ಮ ಅಧ್ಯಯನದಲ್ಲಿ ವಿವರಿಸಿದ್ದಾರೆ. ಶಾಲಾ ಚೀಲದ ಭಾರಕ್ಕಿಂತ ಅರ್ಥವಾಗದ ಪಾಠವೇ ದೊಡ್ಡ ಹೊರೆಯೆಂದು ಶಾಲಾ ಮಕ್ಕಳ ಹೊರೆಯನ್ನು ಪರಿಶೀಲಿಸಿದ ಯಶ್‌ಪಾಲ್ ಸಮಿತಿ 1993ರಲ್ಲಿ ಹೇಳಿತ್ತು. ಅರ್ಥವಾಗದೆ ಮುಗಿದ ಪಾಠ ಪರೀಕ್ಷೆಯಲ್ಲೂ ಕೈಹಿಡಿಯುವುದಿಲ್ಲ. ಅನುಭವವಿಲ್ಲದವರಿಗೆ ಸಿದ್ಧ ಯೋಜನೆಯೇ ಸಾಕೆಂಬ ಮಾತೂ ಇದೆ. ಹಿರಿಯರ ಅಥವಾ ಇಲಾಖೆಯ ಹಂಚಿಕೆಯನ್ನು ಚೌಕಟ್ಟಾಗಿ ಇಟ್ಟುಕೊಳ್ಳುವುದು ಸರಿ, ಪಾಠಗಳ ಕ್ರಮದ ಬಗ್ಗೆ ಅದು ಹೊಸಬರ ಚಿಂತೆಯನ್ನು ಎಷ್ಟೋ ಕಡಿಮೆ ಮಾಡುತ್ತದೆ. ಆದರೆ ತಮ್ಮ ಮುಂದೆ ಕುಳಿತ ಮಕ್ಕಳಿಗೆ ಏನು ಬರುತ್ತದೆಂಬುದು ಆ ಹಾಳೆಯಲ್ಲಿ ಇರುವುದಿಲ್ಲ. ಅದನ್ನು ಸೇರಿಸಬೇಕಾದವರು ಅದೇ ತರಗತಿಯ ಶಿಕ್ಷಕರು. ರೂಪಣಾತ್ಮಕ ಮೌಲ್ಯಮಾಪನದ ಅಂಕಗಳನ್ನು ದಾಖಲಿಸಿ ಸುಮ್ಮನಾಗದೆ, ಮುಂದಿನ ತಿಂಗಳ ಹಂಚಿಕೆಯನ್ನು ತಿದ್ದಲು ಅವನ್ನು ಬಳಸಬೇಕು. ಮೊದಲ ಸೆಮಿಸ್ಟರ್ ಮುಗಿದ ಮೇಲೆ ಬರುವ ದಸರಾ ರಜೆ ಇಡೀ ಯೋಜನೆಯನ್ನು ಮತ್ತೊಮ್ಮೆ ಬರೆಯಲು ಸಿಗುವ ಅವಕಾಶ.

ಹಲವು ತರಗತಿಗಳು ಒಂದೇ ಕೊಠಡಿಯಲ್ಲಿ ಕೂರುವ ಶಾಲೆಗಳಲ್ಲಿ ತಿಂಗಳವಾರು ಹಂಚಿಕೆಯ ಮಿತಿ ಎದ್ದು ಕಾಣುತ್ತದೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯು, ಋಷಿ ವ್ಯಾಲಿ ಶಾಲೆಯ ಪ್ರಯೋಗದಿಂದ ಪ್ರೇರಣೆ ಪಡೆದು, ಒಂದರಿಂದ ಮೂರನೆಯ ತರಗತಿಯ ಕಲಿಕೆಯನ್ನು ಮೈಲಿಗಲ್ಲುಗಳಾಗಿಯೂ ಚಟುವಟಿಕೆಯ ಕಾರ್ಡ್‌ಗಳಾಗಿಯೂ ವಿಂಗಡಿಸಿತು. ಅಲ್ಲಿ ಪ್ರತಿ ಮಗುವೂ ಈ ಮೈಲಿಗಲ್ಲುಗಳನ್ನು ಜೋಡಿಸಿದ ಕಲಿಕಾ ಏಣಿಯ ಯಾವ ಮೆಟ್ಟಿಲಲ್ಲಿದೆಯೋ ಅಲ್ಲಿಂದ ಮುಂದುವರಿಯುತ್ತದೆ. ಅಂಥ ತರಗತಿಗೆ ಬರುವ ಹೊಸ ಶಿಕ್ಷಕರು ವಾರದ ಯೋಜನೆ ಬರೆಯುವಾಗ ಯಾವ ಗುಂಪಿಗೆ ತಾವು ನೇರವಾಗಿ ಕಲಿಸಬೇಕು, ಯಾವ ಗುಂಪು ಸ್ವತಃ ಕಲಿಯಬಲ್ಲದು ಎಂಬುದನ್ನು ಮೊದಲು ಗೊತ್ತು ಮಾಡಿಕೊಳ್ಳಬೇಕಾಗುತ್ತದೆ.