ತೆರೆಯ ಮೇಲಿನ ಪಾದ್ರಿ, ತೆರೆಯಾಚೆಯ ಸಭೆ

ಬಿಳಿಯ ನಿಲುವಂಗಿ, ಎದೆಯ ಮೇಲೊಂದು ಶಿಲುಬೆ, ಕೈಯಲ್ಲಿ ಜಪಸರ, ಹಿನ್ನೆಲೆಯಲ್ಲಿ ಉರಿಯುವ ಮೇಣದ ಬತ್ತಿಗಳು, ಎದುರಿಗೆ ಮಂಡಿಯೂರಿ ಪಾಪನಿವೇದನೆ ಮಾಡುವ ನಾಯಕ. ಇಷ್ಟಿದ್ದರೆ ಭಾರತೀಯ ಚಲನಚಿತ್ರದಲ್ಲಿ ಚರ್ಚಿನ ದೃಶ್ಯ ಸಿದ್ಧವಾದಂತೆ. ನೆಲಮಂಗಲ ತಾಲ್ಲೂಕಿನ ತ್ಯಾಮಗೊಂಡ್ಲುವಿನಂಥ ಸಣ್ಣ ಊರುಗಳಲ್ಲಿ ಬೆಳೆದ ಎಷ್ಟೋ ಮಂದಿಗೆ ಕ್ರೈಸ್ತರ ಪ್ರಾರ್ಥನೆಯ ಮೊದಲ ಪರಿಚಯ ಆದದ್ದು ಇಂಥ ದೃಶ್ಯಗಳಿಂದಲೇ. ಆದರೆ ಈ ಚಿತ್ರ ಬಹುಮಟ್ಟಿಗೆ ರೋಮನ್ ಕ್ಯಾಥೊಲಿಕರದು. ಹಳೆಯ ಮೈಸೂರು ಸೀಮೆಯಲ್ಲಿ ಇನ್ನೂರು ವರ್ಷಗಳಿಂದ ಇರುವ ಇನ್ನೊಂದು ಪರಂಪರೆ, ಅಂದರೆ ಆಂಗ್ಲಿಕನ್ ಮತ್ತು ಅದರ ಜೊತೆಗೂಡಿದ ಪ್ರೊಟೆಸ್ಟೆಂಟ್ ಸಭೆಗಳು, ತೆರೆಯ ಮೇಲೆ ಕಂಡಿರುವುದು ಬೇರೆಯೇ ರೀತಿಯಲ್ಲಿ. ಕಂಡಿದ್ದಕ್ಕಿಂತ ಕಾಣದೆ ಹೋಗಿದ್ದೇ ಹೆಚ್ಚು.

ರಾಜನ ಚರ್ಚು

ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿ 1534ರಲ್ಲಿ ರೋಮಿನ ಪೋಪರ ಅಧಿಕಾರವನ್ನು ನಿರಾಕರಿಸಿ ತಾನೇ ತನ್ನ ದೇಶದ ಚರ್ಚಿನ ಮುಖ್ಯಸ್ಥನೆಂದು ಘೋಷಿಸಿಕೊಂಡ. ಅಲ್ಲಿಂದ ಹುಟ್ಟಿದ್ದು ಆಂಗ್ಲಿಕನ್ ಪಂಥ. ಬಿಷಪ್ಪರು ಉಳಿದರು, ಪೋಪ್ ಹೋದರು. ಪ್ರಾರ್ಥನೆ ಲ್ಯಾಟಿನ್ ಬಿಟ್ಟು ಜನರ ಭಾಷೆಗೆ ಬಂತು. ಪಾದ್ರಿಗಳಿಗೆ ಮದುವೆಯಾಗಲು ಅವಕಾಶವಾಯಿತು. ಹೆನ್ರಿಯನ್ನು ಒಪ್ಪದೆ ತಲೆ ಕೊಟ್ಟ ಥಾಮಸ್ ಮೋರ್‌ನ ಕಥೆ 1966ರಲ್ಲಿ ‘ಎ ಮ್ಯಾನ್ ಫಾರ್ ಆಲ್ ಸೀಸನ್ಸ್’ ಎಂಬ ಚಿತ್ರವಾಗಿ ಆಸ್ಕರ್ ಪ್ರಶಸ್ತಿ ಗಳಿಸಿತು.

ರಾಜನೇ ಮುಖ್ಯಸ್ಥನಾದ ಚರ್ಚು ಭಾರತಕ್ಕೆ ಬಂದದ್ದು ಸೇನೆಯ ಬೆನ್ನಿಗೆ. ಬೆಂಗಳೂರಿನ ದಂಡಿನಲ್ಲಿ ಸೇಂಟ್ ಮಾರ್ಕ್ಸ್ ಚರ್ಚಿಗೆ 1808ರಲ್ಲಿ ಅಸ್ತಿಭಾರ ಬಿತ್ತು. 1816ರಲ್ಲಿ ಕಲ್ಕತ್ತೆಯ ಬಿಷಪ್ ಬಂದು ಅದನ್ನು ಪ್ರತಿಷ್ಠಾಪಿಸಿದರು. ಅದು ಮೊದಲಿಗೆ ಈಸ್ಟ್ ಇಂಡಿಯಾ ಕಂಪನಿಯ ಸೈನಿಕರಿಗಾಗಿ ಎದ್ದ ಕಟ್ಟಡ. ಪೇಟೆಯ ಮತ್ತು ಹಳ್ಳಿಗಳ ಕನ್ನಡಿಗರ ನಡುವೆ ಕೆಲಸಕ್ಕಿಳಿದವರು ಹೆಚ್ಚಾಗಿ ಬೇರೆಯವರು: ಲಂಡನ್ ಮಿಶನ್ ಮತ್ತು ವೆಸ್ಲಿಯನ್ ಮಿಶನ್ನಿನವರು. ಈ ವ್ಯತ್ಯಾಸ ತಿಳಿಯದೆ ತೆರೆಯ ಮೇಲಿನ ಚರ್ಚು ಅರ್ಥವಾಗುವುದಿಲ್ಲ. ಇಂಗ್ಲಿಷ್ ಸಿನಿಮಾ ಹೆಚ್ಚಾಗಿ ನೋಡಿದ್ದು ದಂಡಿನ ಬದುಕನ್ನು, ಅಲ್ಲಿನ ಬಿಳಿಯರನ್ನು. ಪೇಟೆಯ ಸಭೆ ಅದರ ಕಣ್ಣಿಗೆ ಬೀಳಲಿಲ್ಲ.

ಸಾವನದುರ್ಗದ ಬಂಡೆಯ ಮೇಲೆ

ಈ ದಂಡಿನ ಬದುಕಿನ ಅತ್ಯಂತ ಹೆಸರಾದ ಚಿತ್ರ ತಯಾರಾದದ್ದು ಇಲ್ಲೇ ಪಕ್ಕದಲ್ಲಿ. ಇ. ಎಂ. ಫಾರ್ಸ್ಟರ್ ಅವರ 1924ರ ಕಾದಂಬರಿ ‘ಎ ಪ್ಯಾಸೇಜ್ ಟು ಇಂಡಿಯಾ’ವನ್ನು ಡೇವಿಡ್ ಲೀನ್ 1984ರಲ್ಲಿ ತೆರೆಗೆ ತಂದಾಗ ಬಹುಭಾಗದ ಚಿತ್ರೀಕರಣ ನಡೆದದ್ದು ಬೆಂಗಳೂರಿನಲ್ಲಿ. ಕಥೆಯಲ್ಲಿ ಬರುವ ‘ಮರಬಾರ್ ಗುಹೆಗಳು’ ಬಿಹಾರದ ಬರಾಬರ್ ಗುಹೆಗಳನ್ನು ಆಧರಿಸಿದವು. ಲೀನ್ ಅಲ್ಲಿಗೆ ಹೋಗಿ ನೋಡಿ, ಮೆಚ್ಚದೆ, ನೆಲಮಂಗಲದ ನೆರೆಯ ಮಾಗಡಿ ತಾಲ್ಲೂಕಿನ ಸಾವನದುರ್ಗವನ್ನೂ ರಾಮನಗರದ ರಾಮದೇವರ ಬೆಟ್ಟವನ್ನೂ ಆರಿಸಿಕೊಂಡರು. ‘ಶೋಲೆ’ಯ ಗಬ್ಬರ್ ಸಿಂಗ್ ಓಡಾಡಿದ್ದು ಇದೇ ರಾಮದೇವರ ಬೆಟ್ಟದ ಸೀಮೆಯಲ್ಲಿ. ಗುಹೆಗಳ ಬಾಯನ್ನು ಚಿತ್ರತಂಡವೇ ಬಂಡೆಯಲ್ಲಿ ಕೊರೆಯಿಸಿತು.

ಚಿತ್ರದ ಮಿಸೆಸ್ ಮೂರ್ ದೇವರಲ್ಲಿ ನಂಬಿಕೆಯಿಟ್ಟ ಇಂಗ್ಲಿಷ್ ವೃದ್ಧೆ. ಆಕೆಗೆ ಭಾರತದಲ್ಲಿ ದೇವರ ಸನ್ನಿಧಿ ಕಾಣುವುದು ಬಿಳಿಯರ ಕ್ಲಬ್ಬಿನಲ್ಲಲ್ಲ, ಬೆಳದಿಂಗಳ ರಾತ್ರಿಯ ಒಂದು ಮಸೀದಿಯಲ್ಲಿ. ಕೊನೆಗೆ ಗುಹೆಯ ಮಾರ್ದನಿ ಆಕೆಯ ನಂಬಿಕೆಯನ್ನೇ ಅಲುಗಿಸಿಬಿಡುತ್ತದೆ. ಈ ಪಾತ್ರಕ್ಕೆ ಪೆಗ್ಗಿ ಆಶ್‌ಕ್ರಾಫ್ಟ್ ಆಸ್ಕರ್ ಪಡೆದರು. ಅದೇ 1984ರಲ್ಲಿ ಇಂಗ್ಲೆಂಡಿನ ಗ್ರನಾಡಾ ಟೆಲಿವಿಷನ್ ಪ್ರಸಾರ ಮಾಡಿದ ‘ದ ಜುವೆಲ್ ಇನ್ ದ ಕ್ರೌನ್’ ಧಾರಾವಾಹಿಯಲ್ಲಿ ಅವರೇ ನಿವೃತ್ತ ಮಿಶನ್ ಉಪಾಧ್ಯಾಯಿನಿ ಬಾರ್ಬಿ ಬ್ಯಾಚೆಲರ್ ಆಗಿ ಅಭಿನಯಿಸಿದರು. ಬಾರ್ಬಿಯ ಪ್ರಾರ್ಥನೆಗೂ ಉತ್ತರ ಬರುವುದಿಲ್ಲ. ವಿಕ್ಟೋರಿಯಾ ರಾಣಿಗೆ ಭಾರತೀಯರು ಕಾಣಿಕೆ ಒಪ್ಪಿಸುವ ಚಿತ್ರಪಟವನ್ನು ತೋರಿಸಿ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಮಿಶನ್ ಶಾಲೆ ಆ ಕಥೆಯಲ್ಲಿದೆ. ಧರ್ಮ, ಪಾಠ, ಪ್ರಭುತ್ವ ಮೂರೂ ಒಂದೇ ಚೌಕಟ್ಟಿನಲ್ಲಿ ಹೇಗೆ ಕುಳಿತಿದ್ದವು ಎಂಬುದಕ್ಕೆ ಆ ಪಟವೇ ಸಾಕ್ಷಿ.

ಇದಕ್ಕೆ ಎದುರಾದ ಇನ್ನೊಂದು ಚಿತ್ರವೂ ಇದೆ. 1982ರ ‘ಗಾಂಧಿ’ಯಲ್ಲಿ ಇಯಾನ್ ಚಾರ್ಲ್‌ಸನ್ ಅಭಿನಯಿಸಿದ ಚಾರ್ಲಿ ಆಂಡ್ರೂಸ್ ಆಂಗ್ಲಿಕನ್ ಪಾದ್ರಿ. ದೀನಬಂಧು ಸಿ. ಎಫ್. ಆಂಡ್ರೂಸ್ ಎಂದು ಭಾರತೀಯರು ಪ್ರೀತಿಯಿಂದ ಕರೆದದ್ದು ಇವರನ್ನೇ. ಚಿತ್ರದಲ್ಲಿ ಅವರು ಗಾಂಧೀಜಿಯ ಹೋರಾಟದ ಆರಂಭದ ದಿನಗಳಲ್ಲೇ ದಕ್ಷಿಣ ಆಫ್ರಿಕಾದಲ್ಲಿ ಕಾಣಿಸಿಕೊಳ್ಳುತ್ತಾರೆ. ನಿಜದಲ್ಲಿ ಅವರು ಅಲ್ಲಿಗೆ ಹೋದದ್ದು 1914ರ ಜನವರಿಯಲ್ಲಿ, ಗಾಂಧೀಜಿ ಆ ನೆಲ ಬಿಡುವ ವರ್ಷ. ಅದಕ್ಕೆ ಹತ್ತು ವರ್ಷ ಮೊದಲೇ, 1904ರಲ್ಲಿ, ಆಂಡ್ರೂಸ್ ದೆಹಲಿಯ ಸೇಂಟ್ ಸ್ಟೀಫನ್ಸ್ ಕಾಲೇಜಿಗೆ ಅಧ್ಯಾಪಕರಾಗಿ ಬಂದಿದ್ದರು. ಇತಿಹಾಸವನ್ನು ಸಿನಿಮಾ ಹೀಗೆ ಕುಗ್ಗಿಸಿದರೂ ಒಂದು ಸತ್ಯವನ್ನು ಬಿಡಲಿಲ್ಲ: ಆಳುವವರ ಚರ್ಚಿನೊಳಗಿಂದಲೇ ಆಳಿಸಿಕೊಳ್ಳುವವರ ಪರ ನಿಂತವರೂ ಇದ್ದರು.

ಕಾರಾಪುರದ ಮಾವುತನ ಮಗ

ಆಂಗ್ಲಿಕನ್ ಮತ್ತು ಭಾರತ ಎಂದಾಗ ಚಿತ್ರರಸಿಕರು ತಪ್ಪದೆ ಹೆಸರಿಸುವುದು 1947ರ ‘ಬ್ಲ್ಯಾಕ್ ನಾರ್ಸಿಸಸ್’. ಹಿಮಾಲಯದ ಹಳೆಯ ಅರಮನೆಯೊಂದರಲ್ಲಿ ಶಾಲೆ, ಆಸ್ಪತ್ರೆ ತೆರೆಯಲು ಬರುವ ಆಂಗ್ಲಿಕನ್ ಸನ್ಯಾಸಿನಿಯರು ಆ ಗಾಳಿ, ಆ ಎತ್ತರ, ತಮ್ಮ ಹಳೆಯ ನೆನಪುಗಳನ್ನು ತಾಳಲಾರದೆ ಸೋತು ಹಿಂದಿರುಗುವ ಕಥೆ. ಆಂಗ್ಲಿಕನ್ ಪಂಥದಲ್ಲೂ ಸನ್ಯಾಸಿನಿಯರಿದ್ದಾರೆ ಎಂಬುದು ಇಂದಿಗೂ ಹಲವರಿಗೆ ಹೊಸ ಸಂಗತಿ. ಅಮೆರಿಕದಲ್ಲಿ ಕ್ಯಾಥೊಲಿಕ್ ಸಂಘಟನೆಯೊಂದರ ಆಕ್ಷೇಪದಿಂದ ಚಿತ್ರಕ್ಕೆ ಕತ್ತರಿ ಬಿತ್ತು. ಹಿಮಾಲಯವೆಲ್ಲ ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೋದಲ್ಲಿ ಬರೆದ ಪರದೆ.

ಆ ಚಿತ್ರದಲ್ಲಿ ಸನ್ಯಾಸಿನಿಯರ ಬಳಿ ಪಾಠ ಕೇಳಲು ಬರುವ ರಾಜಕುಮಾರನ ಪಾತ್ರ ಮಾಡಿದವನು ಮೈಸೂರು ಸಂಸ್ಥಾನದ ಹುಡುಗ ಸಾಬು. 1924ರಲ್ಲಿ ಕಾರಾಪುರದಲ್ಲಿ ಮಾವುತನ ಮಗನಾಗಿ ಹುಟ್ಟಿದವನು. ಮೈಸೂರಿನ ಕಾಡಿನಲ್ಲಿ ತೆಗೆದ ‘ಎಲಿಫೆಂಟ್ ಬಾಯ್’ (1937) ಅವನನ್ನು ಜಗತ್ತಿಗೆ ಪರಿಚಯಿಸಿತ್ತು. ಬಿಳಿಯ ನಟನಟಿಯರು ಬಣ್ಣ ಬಳಿದುಕೊಂಡು ಭಾರತೀಯರಾಗುತ್ತಿದ್ದ ಕಾಲದಲ್ಲಿ ಅದೇ ಚಿತ್ರದ ಭಾರತೀಯ ಹುಡುಗಿಯ ಪಾತ್ರ ಇಂಗ್ಲೆಂಡಿನ ಜೀನ್ ಸಿಮನ್ಸ್ ಪಾಲಿಗೆ ಹೋಯಿತು. ರಾಜಕುಮಾರ ಮಾತ್ರ ಕನ್ನಡ ನಾಡಿನವನೇ ಆದ.

ಸನ್ಯಾಸಿನಿಯರು ಬೆಟ್ಟವಿಳಿದು ಹೊರಟುಹೋಗುವಲ್ಲಿಗೆ ಚಿತ್ರ ಮುಗಿಯುತ್ತದೆ. ಬಿಳಿಯರು ಭಾರತ ಬಿಡುವುದಕ್ಕೆ ಅದು ರೂಪಕವೆಂದು ವಿಮರ್ಶಕರು ಓದಿದ್ದಾರೆ. ಆದರೆ ಅದೇ ವರ್ಷ ಸಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಆಂಗ್ಲಿಕನ್ನರು, ಮೆಥಡಿಸ್ಟರು, ಮೊದಲೇ ಒಂದಾಗಿದ್ದ ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ. ಆಯಿತು. ಬಿಷಪ್ ಪದ್ಧತಿಯ ಚರ್ಚೂ ಬಿಷಪ್ಪರಿಲ್ಲದ ಚರ್ಚುಗಳೂ ಹೀಗೆ ಒಂದಾದದ್ದು ಜಗತ್ತಿನ ಕ್ರೈಸ್ತ ಇತಿಹಾಸದಲ್ಲಿ ಹೊಸದು. ಇಂಗ್ಲೆಂಡಿನ ಕೆಲವು ಆಂಗ್ಲಿಕನ್ನರು ಇದನ್ನು ಬಹುಕಾಲ ಒಪ್ಪಲಿಲ್ಲ. ದಂಡಿನ ಸೇಂಟ್ ಮಾರ್ಕ್ಸ್ ಮತ್ತು ಪೇಟೆಯ ಕನ್ನಡ ಸಭೆಗಾಗಿ ವೆಸ್ಲಿಯನ್ನರು 1904ರಲ್ಲಿ ಕಟ್ಟಿದ ಹಡ್ಸನ್ ಚರ್ಚು ಒಂದೇ ಸಭೆಯೊಳಗೆ ಬಂದವು. ತೆರೆಯ ಮೇಲೆ ಚರ್ಚು ಹೊರಟುಹೋಯಿತು. ನೆಲದ ಮೇಲೆ ಅದು ಈ ನಾಡಿನದಾಯಿತು. ಸಿನಿಮಾ ನೆನಪಿಟ್ಟುಕೊಂಡದ್ದು ಮೊದಲನೆಯದನ್ನು.

ಎಬನೇಜರ್ ಮೇಷ್ಟ್ರು, ಚೋಮನ ಭೂಮಿ

ಕನ್ನಡ ನೆಲದಲ್ಲಿ ತಯಾರಾದ ಚಿತ್ರಗಳ ಕಥೆಯೇನು? ಬಿ. ವಿ. ಕಾರಂತರು ಶಿವರಾಮ ಕಾರಂತರ ಕಾದಂಬರಿಯಿಂದ ರೂಪಿಸಿದ ‘ಚೋಮನ ದುಡಿ’ (1975) ರಾಷ್ಟ್ರಪ್ರಶಸ್ತಿ ಪಡೆದ ಚಿತ್ರ. ಅಸ್ಪೃಶ್ಯನಾದ ಚೋಮನಿಗೆ ಉಳಲು ಭೂಮಿ ಬೇಕು. ಮಗ ಗುರುವ ಕಾಫಿ ತೋಟಕ್ಕೆ ಹೋಗಿ ಮೇರಿಯನ್ನು ಮೆಚ್ಚಿ ಕ್ರೈಸ್ತನಾಗುತ್ತಾನೆ. ಜಾತಿಯನ್ನು ಬಿಟ್ಟರೆ ಭೂಮಿ ಸಿಕ್ಕೀತೆಂಬ ಆಸೆ ಚೋಮನನ್ನೂ ಎಳೆಯುತ್ತದೆ, ಮನೆದೈವದ ಮೇಲಿನ ಭಯಭಕ್ತಿ ಹಿಂದಕ್ಕೆ ಜಗ್ಗುತ್ತದೆ. ಕಥೆಯ ಹಿನ್ನೆಲೆಯಾದ ದಕ್ಷಿಣ ಕನ್ನಡದಲ್ಲಿದ್ದುದು ಆಂಗ್ಲಿಕನ್ನರಲ್ಲ, ಜರ್ಮನ್ ಭಾಷಿಕರ ಬಾಸೆಲ್ ಮಿಶನ್. ಆದರೂ ಮತಾಂತರವನ್ನು ವಾಗ್ವಾದವಾಗಿಸದೆ ಹಸಿವಿನ, ಘನತೆಯ ಪ್ರಶ್ನೆಯಾಗಿ ನೋಡಿದ್ದು ಈ ಕಥೆಯ ದೊಡ್ಡತನ.

ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿ ದೂರದರ್ಶನಕ್ಕೆ ಕೊಟ್ಟ ‘ಮಾಲ್ಗುಡಿ ಡೇಸ್’ ಮನೆಮನೆಗೂ ತಲುಪಿದ ಧಾರಾವಾಹಿ. ಅದರ ಸ್ವಾಮಿ ಓದುವುದು ಆಲ್ಬರ್ಟ್ ಮಿಶನ್ ಶಾಲೆಯಲ್ಲಿ. ಬೈಬಲ್ ಪಾಠದ ಎಬನೇಜರ್ ಮೇಷ್ಟ್ರು ಕೃಷ್ಣನನ್ನು ಹೀಗಳೆಯುತ್ತಾರೆ, ಸ್ವಾಮಿ ಎದುರು ಪ್ರಶ್ನೆ ಹಾಕಿ ಕಿವಿ ಹಿಂಡಿಸಿಕೊಳ್ಳುತ್ತಾನೆ, ಅಪ್ಪ ಹೆಡ್‌ಮಾಸ್ಟರಿಗೆ ಖಾರವಾದ ಪತ್ರ ಬರೆಯುತ್ತಾರೆ. ಅಂದಿನ ಕೆಲವು ಮಿಶನ್ ಶಾಲೆಗಳ ಧೋರಣೆಗೆ ಇದು ನ್ಯಾಯವಾದ ಟೀಕೆಯೇ. ಆದರೆ ಒಂದು ಪೀಳಿಗೆಯ ನೆನಪಿನಲ್ಲಿ ಪ್ರೊಟೆಸ್ಟೆಂಟ್ ಕ್ರೈಸ್ತ ಎಂದರೆ ಎಬನೇಜರ್ ಒಬ್ಬರೇ ಉಳಿದುಬಿಟ್ಟರೆ ಚಿತ್ರ ಅರ್ಧವಾಗುತ್ತದೆ.

ಉಳಿದರ್ಧ ಗ್ರಂಥಾಲಯದಲ್ಲಿದೆ. ಬಳ್ಳಾರಿಯಲ್ಲಿ ಬೈಬಲ್ಲನ್ನು ಕನ್ನಡಿಸಿದ ಜಾನ್ ಹ್ಯಾಂಡ್ಸ್, ಕನ್ನಡ-ಇಂಗ್ಲಿಷ್ ನಿಘಂಟು ಮಾಡಿದ ವಿಲಿಯಂ ರೀವ್ ಇಬ್ಬರೂ ಲಂಡನ್ ಮಿಶನ್ನಿನವರು. ಅದೇ ಮಿಶನ್ನಿನ ಬೆಂಜಮಿನ್ ರೈಸ್ ಅವರ ಮಗ ಬಿ. ಎಲ್. ರೈಸ್ 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು. ನೆಲಮಂಗಲ ತಾಲ್ಲೂಕಿನ ಕಲ್ಲುಕಲ್ಲಿನ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದವರು ಅವರೇ. ತ್ಯಾಮಗೊಂಡ್ಲು ಸುತ್ತಿನ ಸ್ಥಳೀಯ ಇತಿಹಾಸ ಬರೆಯುವವರು ಇಂದಿಗೂ ಆ ಸಂಪುಟವನ್ನು ಬಿಟ್ಟು ಮುಂದೆ ಹೋಗಲಾರರು.

ಕ್ಯಾಮೆರಾಕ್ಕೆ ಸಿಗದ್ದು

ಈ ಸಭೆ ತೆರೆಗೆ ಬಾರದಿರಲು ಸರಳ ಕಾರಣವೊಂದಿದೆ. ಕ್ಯಾಥೊಲಿಕ್ ಪೂಜೆಯಲ್ಲಿ ಪ್ರತಿಮೆ, ದೀಪ, ಧೂಪ, ಪಾಪನಿವೇದನೆಯ ಪೆಟ್ಟಿಗೆ ಇವೆ. ಕ್ಯಾಮೆರಾಕ್ಕೆ ಅವು ಹಬ್ಬ. ಸಿ.ಎಸ್.ಐ. ಆರಾಧನೆಯ ಜೀವಾಳ ವಾಚನ, ಹಾಡು, ಪ್ರಸಂಗ. ಹೆಂಡತಿ ಮಕ್ಕಳೊಂದಿಗೆ ಬಾಳುವ, ಕನ್ನಡದಲ್ಲಿ ಉಪದೇಶ ಮಾಡುವ ಸಭಾಪಾಲಕರನ್ನು ಒಂದು ನೋಟಕ್ಕೆ ಗುರುತಿಸುವುದು ಕಷ್ಟ. ಸಿನಿಮಾಕ್ಕೆ ಬೇಕಾದದ್ದು ಒಂದು ನೋಟದ ಗುರುತು. ಹೀಗಾಗಿ ಎಲ್ಲ ಪಂಥಗಳ ಪಾದ್ರಿಗಳಿಗೂ ಒಂದೇ ನಿಲುವಂಗಿ ಬಿತ್ತು.

ಇಂಗ್ಲೆಂಡಿನ ಟೀವಿಗೆ ಈ ತೊಡಕಿಲ್ಲ. ಅಲ್ಲಿ ಆಂಗ್ಲಿಕನ್ ಪಾದ್ರಿ ಎದುರುಮನೆಯವನಿದ್ದಂತೆ. ಅವನನ್ನು ನೋಡಿ ನಗಬಹುದು. 1990ರ ಮೊದಲ ಕಂತಿನಲ್ಲೇ ಮಿಸ್ಟರ್ ಬೀನ್ ಚರ್ಚಿನಲ್ಲಿ ತೂಕಡಿಸಿ ಬೀಳುತ್ತಾನೆ. ಅಲ್ಲಿನ ಚರ್ಚು ಮಹಿಳೆಯರಿಗೆ ಪಾದ್ರಿ ದೀಕ್ಷೆ ಕೊಟ್ಟ 1994ರಲ್ಲೇ ಬಿ.ಬಿ.ಸಿ. ‘ದ ವಿಕಾರ್ ಆಫ್ ಡಿಬ್ಲಿ’ ಹಾಸ್ಯ ಧಾರಾವಾಹಿಯಲ್ಲಿ ಹಳ್ಳಿಗೊಬ್ಬ ಪಾದ್ರಿಣಿಯನ್ನು ಕಳುಹಿಸಿತು. ಊರವರ ಮುನಿಸು, ಆಮೇಲಿನ ಪ್ರೀತಿ ಎರಡನ್ನೂ ಜನ ಮನೆಯಲ್ಲಿ ಕೂತು ನೋಡಿದರು. ಬದಲಾವಣೆ ಒಗ್ಗಲು ಆ ನಗು ಸಹಾಯ ಮಾಡಿತು.

ಇಲ್ಲಿ ಅಂಥದೇ ಬದಲಾವಣೆ ಸದ್ದಿಲ್ಲದೆ ನಡೆಯಿತು. ದಕ್ಷಿಣ ಭಾರತ ಸಭೆ 2013ರಲ್ಲಿ ನಂದ್ಯಾಲದ ಇ. ಪುಷ್ಪಲಲಿತಾ ಅವರನ್ನು ತನ್ನ ಮೊದಲ ಮಹಿಳಾ ಬಿಷಪ್ಪರನ್ನಾಗಿ ಅಭಿಷೇಕಿಸಿತು. ಇಂಗ್ಲೆಂಡಿನ ಚರ್ಚಿಗೆ ಮೊದಲ ಮಹಿಳಾ ಬಿಷಪ್ ಬಂದದ್ದು 2015ರ ಜನವರಿಯಲ್ಲಿ. ತಾಯಿಚರ್ಚಿಗಿಂತ ಮಗಳು ಮುಂದೆ ನಡೆದ ಈ ಕಥೆಗೆ ಧಾರಾವಾಹಿಯ ಎಲ್ಲ ಗುಣಗಳೂ ಇವೆ. ಪಕ್ಕದ ಮನೆಯವರ ಪ್ರಾರ್ಥನೆಯನ್ನು ವಿದೇಶದ್ದೆಂದು ಭಾವಿಸುವ ಪ್ರೇಕ್ಷಕನಿಗೆ, ಅದು ತನ್ನ ಭಾಷೆಯಲ್ಲೇ ನಡೆಯುತ್ತಿದೆ ಎಂದು ಹೇಳುವ ಒಂದು ಕನ್ನಡ ಚಿತ್ರಕ್ಕೆ ಇನ್ನೂ ಜಾಗ ಖಾಲಿಯಿದೆ.