ನಮ್ಮ ಸಂಘದ ಚೈನ್ ಗಾಡಿಯ ಕಥೆ



ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ "ಸಂಘದ ಹಳೇ ಬುಲ್ಡೋಜರ್ ಬಗ್ಗೆ ನೀವೇ ಬರೀಬೇಕ್ರಿ" ಎಂದು ಸಂಪಾದಕ ಮಂಡಳಿಯವರು ಕೇಳಿದಾಗ ನಾನು ಹಿಂದೆಮುಂದೆ ನೋಡಿದೆ. ಪಾನಾ ಹಿಡಿದ ಕೈಗೆ ಪೆನ್ನು ಒಗ್ಗುವುದಿಲ್ಲ. ಆದರೆ ಆ ಗಾಡಿ ಗುಜರಿಗೆ ಹೋಗುವುದು ಕೂದಲೆಳೆಯಲ್ಲಿ ತಪ್ಪಿದ್ದನ್ನು ಕಣ್ಣಾರೆ ಕಂಡವರು ಈಗ ನಾಲ್ಕೈದು ಮಂದಿ ಮಾತ್ರ ಉಳಿದಿದ್ದೇವೆ. ಹೊಸ ಸದಸ್ಯರಿಗೆ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ಮೊದಲು ಈ ಯಂತ್ರದ ಹುಟ್ಟಿನ ಬಗ್ಗೆ ಎರಡು ಮಾತು. ನಮ್ಮ ದೇಶದಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂದದ್ದು 1904ರಲ್ಲಿ. ಮರುವರ್ಷವೇ, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದರು. ಅದೇ 1904ರ ನವೆಂಬರ್ ತಿಂಗಳಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತ್ಯದ ಸ್ಟಾಕ್ಟನ್ ಊರಿನ ಬೆಂಜಮಿನ್ ಹೋಲ್ಟ್ ಎಂಬಾತ ತನ್ನ ಉಗಿ ಯಂತ್ರದ ಹಿಂದಿನ ಗಾಲಿ ಬಿಚ್ಚಿ, ಮರದ ಹಲಗೆ ಜೋಡಿಸಿದ ಪಟ್ಟೆ ಹಾಕಿ ಓಡಿಸಿ ನೋಡಿದ. ಅಲ್ಲಿಯ ನದಿ ಮುಖದ ಭೂಮಿ ಬಹಳ ಮೆತ್ತಗೆ. ಕುದುರೆಯೂ ಹುಗಿಯುತ್ತಿತ್ತು, ಗಾಲಿಯೂ ಹುಗಿಯುತ್ತಿತ್ತು. ಭಾರವನ್ನು ಅಗಲವಾಗಿ ಹಂಚಿದರೆ ಹುಗಿಯುವುದಿಲ್ಲ ಎಂಬುದೇ ಅವನ ಯುಕ್ತಿ. ಗಾಡಿ ಕಂಬಳಿಹುಳದಂತೆ ತೆವಳುವುದನ್ನು ನೋಡಿ 'ಕ್ಯಾಟರ್‌ಪಿಲ್ಲರ್' ಎಂದು ಹೆಸರಾಯಿತು. 1925ರಲ್ಲಿ ಹೋಲ್ಟ್ ಮತ್ತು ಬೆಸ್ಟ್ ಕಂಪನಿಗಳು ಕೂಡಿ ಅದೇ ಹೆಸರಿನ ಕಂಪನಿ ಆಯಿತು. 1931ರಲ್ಲಿ ಅವರು ಡೀಸೆಲ್ ಎಂಜಿನ್ನು ಕೂಡಿಸಿದರು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಸೇನೆಯವರು ಬಿಟ್ಟುಹೋದ ಇಂಥ ಗಾಡಿಗಳು ನಮ್ಮ ದೇಶದ ಬೇಸಾಯಕ್ಕೆ ಇಳಿದವು. ಮಧ್ಯ ಭಾರತದ ಕಪ್ಪು ನೆಲದಲ್ಲಿ ಆಳಕ್ಕೆ ಬೇರು ಬಿಟ್ಟ ಕಾಂಸ್ ಹುಲ್ಲನ್ನು ಎತ್ತಿನ ನೇಗಿಲಿನಿಂದ ಕೀಳಲಾಗುತ್ತಿರಲಿಲ್ಲ. ಅಂಥ ಭೂಮಿ ಹಸನು ಮಾಡುವ ಯಂತ್ರಗಳಿಗಾಗಿ 1949ರಲ್ಲಿ ವಿಶ್ವಬ್ಯಾಂಕು 1 ಕೋಟಿ ಡಾಲರ್ ಸಾಲ ಕೊಟ್ಟಿತು. ನಮ್ಮ ಕಡೆ 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಬಂದಾಗ ಎರೆ ಹೊಲಗಳನ್ನು ಗದ್ದೆ ಮಾಡಲು ಮಟ್ಟ ಹೊಡೆಯಬೇಕಾಯಿತು. ಮುಂದೆ 1964ರಲ್ಲಿ ಬಿ.ಇ.ಎಂ.ಎಲ್. ಸ್ಥಾಪನೆಯಾಗಿ ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲೇ ಬುಲ್ಡೋಜರ್ ತಯಾರಾಗತೊಡಗಿದವು.

ನಮ್ಮ ಸಂಘ ಹುಟ್ಟಿದ ಹೊಸತರಲ್ಲಿ ಕಾಲುವೆಯ ಕೊನೇ ಭಾಗದ ಸಣ್ಣ ರೈತರ ಹೊಲಗಳು ಏರುತಗ್ಗಾಗಿಯೇ ಇದ್ದವು. ಬಾಡಿಗೆ ಗಾಡಿಯವರು ದೊಡ್ಡ ಹಿಡುವಳಿ ಬಿಟ್ಟು ಅತ್ತ ಬರುತ್ತಿರಲಿಲ್ಲ. ಅದಕ್ಕೇ ಹರಾಜಿನಲ್ಲಿ ಒಂದು ಹಳೇ ಗಾಡಿ ಹಿಡಿದೆವು. ಎರಡು ಬೇಸಿಗೆ ಚೆನ್ನಾಗಿ ದುಡಿಯಿತು. ಆಮೇಲೆ ಆಪರೇಟರ್ ಊರು ಬಿಟ್ಟ. ಗೋದಾಮಿನ ಹಿಂದಿನ ಬೇವಿನ ಮರದ ಕೆಳಗೆ ಗಾಡಿ ಎರಡು ಮಳೆಗಾಲ ನೆನೆಯಿತು. "ಎಲ್ಲಾರದೂ ಐತಿ, ಯಾರರೆ ನೋಡ್ಕೋತಾರ" ಎಂದು ಎಲ್ಲರೂ ಸುಮ್ಮನಿದ್ದೆವು. ನಾನೂ ಸುಮ್ಮನಿದ್ದೆ.

ಮೂರನೇ ವರ್ಷ ಬೇಸಿಗೆಯಲ್ಲಿ ಬ್ಯಾಟರಿ ಕಟ್ಟಿ, ಡೀಸೆಲ್ ಬದಲಿಸಿ ಎಬ್ಬಿಸಿದರೆ ಎಂಜಿನ್ನೇನೋ ಎದ್ದಿತು. ಆದರೆ ಎಡದ ಲಿವರ್ ಎಳೆದರೂ ನೇರ, ಬಲದ್ದು ಎಳೆದರೂ ನೇರ! ಗೋದಾಮಿನ ಗೋಡೆಗೆ ನಾಲ್ಕು ಮೊಳ ಇರುವಾಗ ನಿಲ್ಲಿಸಿದೆವು. ಆಡಳಿತ ಮಂಡಳಿಯ ಸಭೆಯಲ್ಲಿ "ಮಾರಿಬಿಡ್ರಿ ಅತ್ಲಾಗ" ಎಂಬ ಮಾತು ಬಂತು. ಗುಜರಿಯವರು ತೂಕದ ಲೆಕ್ಕದಲ್ಲಿ ರೇಟೂ ಹೇಳಿಹೋದರು. ಕಾಲುವೆಗೆ ನೀರು ಬಿಡಲು ಎರಡು ತಿಂಗಳೂ ಇರಲಿಲ್ಲ. ನಾನು ಎದ್ದು ನಿಂತು "ಅಧ್ಯಕ್ಷರ, ಎಂಟು ದಿನ ಟೈಮ್ ಕೊಡ್ರಿ" ಎಂದೆ.

ಗಾಡಿಗೆ ಆದದ್ದೇನು? ಇದಕ್ಕೆ ತಿರುಗಿಸುವ ಚಕ್ರ ಇರುವುದಿಲ್ಲ. ಗೇರ್ ಪೆಟ್ಟಿಗೆಯಿಂದ ಬಂದ ಶಕ್ತಿ ಎಡಕ್ಕೊಂದು ಬಲಕ್ಕೊಂದು ಸ್ಟೇರಿಂಗ್ ಕ್ಲಚ್ಚಿನ ಮೂಲಕ ಎರಡು ಚೈನುಗಳಿಗೆ ಹೋಗುತ್ತದೆ. ಒಂದೊಂದು ಕ್ಲಚ್ಚಿನಲ್ಲೂ ಉಕ್ಕಿನ ಪ್ಲೇಟು, ಲೈನಿಂಗ್ ಪ್ಲೇಟು ಒಂದರ ಪಕ್ಕ ಒಂದು ಕೂತಿರುತ್ತವೆ. ಗಟ್ಟಿ ಸ್ಪ್ರಿಂಗುಗಳು ಅವನ್ನು ಒತ್ತಿ ಹಿಡಿದಿರುತ್ತವೆ. ಎಡದ ಲಿವರ್ ಎಳೆದರೆ ಎಡದ ಪ್ಲೇಟುಗಳು ಸಡಿಲಾಗಿ, ಆ ಕಡೆಯ ಚೈನು ನಿಂತು, ಬಲದ್ದು ತಳ್ಳಿ ಗಾಡಿ ಎಡಕ್ಕೆ ಹೊರಳುತ್ತದೆ. ನಮ್ಮದು ಒಣ ಕ್ಲಚ್ಚು, ಅಂದರೆ ಒಳಗೆ ಎಣ್ಣೆಯೂ ಇರಬಾರದು, ನೀರೂ ಇರಬಾರದು. ಲಿವರಿನ ಸಂದಿಯಿಂದ ಇಳಿದ ಮಳೆನೀರು ಅಲ್ಲೇ ನಿಂತು, ತುಕ್ಕು ಹಿಡಿದು, ಪ್ಲೇಟುಗಳು ಒಂದಕ್ಕೊಂದು ಕಚ್ಚಿಕೊಂಡಿದ್ದವು.

ಪೇಟೆಯಿಂದ ಬಂದ ವಯಸ್ಸಾದ ಮೇಸ್ತ್ರಿ ಮೊದಲು ಲಿವರಿನ ಆಟ ನೋಡಿದರು. ಲಿವರ್ ಆಡುತ್ತದೆ, ಒಳಗಿನ ಬೇರಿಂಗ್ ಸರಿಯುತ್ತದೆ, ಪ್ಲೇಟು ಮಾತ್ರ ಬಿಡುವುದಿಲ್ಲ. ಅಡಿಯ ಡ್ರೈನ್ ಬೋಲ್ಟು ಬಿಚ್ಚಿದರೆ ಕೆಂಪು ನೀರು ಸುರಿಯಿತು. "ಇದೊಂದು ಬೋಲ್ಟ್ ವರ್ಷಕ್ಕ ನಾಕ್ ಸಲ ಬಿಚ್ಚಿದ್ರ ನಾನು ಇಲ್ಲಿಗೆ ಬರೂದs ಬೇಕಿರಲಿಲ್ಲ" ಎಂದರು. ನಮಗೆ ತಲೆ ಎತ್ತಲಾಗಲಿಲ್ಲ.

ಮೇಲಿನ ಮುಚ್ಚಳ ತೆಗೆದು ಸೀಮೆಎಣ್ಣೆ ಹಾಕಿ ರಾತ್ರಿ ನೆನೆಯಲು ಬಿಟ್ಟು, ಬೆಳಿಗ್ಗೆ ಪೂರ್ತಿ ಇಳಿಸಿ ಗಾಳಿಗೆ ಒಣಗಿಸಿದೆವು. ಸೀಮೆಎಣ್ಣೆ ಇರುವಾಗ ಎಂಜಿನ್ ಮುಟ್ಟಬಾರದು, ಬೆಂಕಿಯ ಭಯ. ನಂತರ ಬಯಲಿಗೆ ಒಯ್ದು, ಎಡದ ಲಿವರನ್ನು ಹಗ್ಗದಿಂದ ಹಿಂದಕ್ಕೆ ಬಿಗಿದು, ಆ ಕಡೆಯ ಬ್ರೇಕು ಒತ್ತಿ, ಕೆಳಗಿನ ಗೇರಿನಲ್ಲಿ ಹಿಂದೆ ಮುಂದೆ ಸಣ್ಣ ಸಣ್ಣ ಜಗ್ಗು ಕೊಟ್ಟರು. ಸುಮಾರು ಒಂದು ತಾಸಾದ ಮೇಲೆ 'ಟಪ್' ಎಂದು ಬಿಟ್ಟು ಗಾಡಿ ಗಕ್ಕನೆ ಎಡಕ್ಕೆ ಹೊರಳಿತು. ಜನರನ್ನು ದೂರ ನಿಲ್ಲಿಸಿರದಿದ್ದರೆ ಅನಾಹುತವಾಗುತ್ತಿತ್ತು.

ಬಲದ್ದು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಸೀಟು, ಡೀಸೆಲ್ ಟ್ಯಾಂಕು, ಬ್ರೇಕಿನ ಪಟ್ಟಿ ಬಿಚ್ಚಿ, ಮೂರು ಮರದ ದಿಮ್ಮಿ ನೆಟ್ಟು ಚೈನ್ ಪುಲ್ಲಿಯಿಂದ ಕ್ಲಚ್ಚನ್ನೇ ಮೇಲೆತ್ತಿದೆವು. ಸ್ಪ್ರಿಂಗು ಒಮ್ಮೆಲೇ ಸಿಡಿಯದಂತೆ ಉದ್ದನೆಯ ಬೋಲ್ಟು ಹಾಕಿ ಸುತ್ತಲೂ ಸಮನಾಗಿ ಸಡಿಲಿಸಿದರು. ಉಕ್ಕಿನ ಪ್ಲೇಟುಗಳನ್ನು ಸಂಘದ ಯುವಕರು ಎಮರಿ ಕಾಗದ ಹಿಡಿದು ಉಜ್ಜಿದರು. ಲೈನಿಂಗ್ ಕಿತ್ತುಬಂದ ಪ್ಲೇಟುಗಳಿಗೆ ಪೇಟೆಯಲ್ಲಿ ಹೊಸ ಲೈನಿಂಗ್ ರಿವಿಟ್ ಹೊಡೆಸಿದೆವು. ಎಣ್ಣೆ ಸೋರುವ ಸೀಲನ್ನೂ ಬದಲಿಸಿದೆವು. ಎಂಟು ದಿನ ಕೇಳಿದ್ದು ಹನ್ನೊಂದು ದಿನವಾಯಿತು. ಆದರೆ ನೀರು ಬಿಡುವ ಮೊದಲು ಕೊನೇ ಭಾಗದ ಹೊಲಗಳು ಮಟ್ಟವಾದವು. ಆ ವರ್ಷ ಅಲ್ಲಿಯ ಬಹಳ ಮನೆಗಳವರು ಮೊದಲ ಸಲ ಭತ್ತ ನಾಟಿ ಮಾಡಿದರು.

ಮುಂದಿನ ಸಭೆಯಲ್ಲಿ ಗಾಡಿಗೆ ಒಂದು ತಗಡಿನ ಶೆಡ್ಡು, ಒಂದು ರಿಜಿಸ್ಟರು, ಒಬ್ಬ ಹೊಣೆಗಾರ ಎಂದು ಠರಾವಾಯಿತು. ತಿಂಗಳಿಗೊಮ್ಮೆ ಎಂಜಿನ್ ಎಬ್ಬಿಸಿ, ಎರಡೂ ಲಿವರ್ ಹತ್ತು ಸಲ ಎಳೆದು, ಡ್ರೈನ್ ಬೋಲ್ಟು ಬಿಚ್ಚಿ ನೋಡಿ, ಸಹಿ ಹಾಕಬೇಕು. ಈಗ ಜೆಸಿಬಿ ಬಂದ ಮೇಲೆ ಗಾಡಿಗೆ ಕೆಲಸ ಕಡಿಮೆ. ಆದರೂ ಆ ರಿಜಿಸ್ಟರ್ ನಿಂತಿಲ್ಲ.

ದುಡಿದು ಸವೆದ ಯಂತ್ರವನ್ನು ರಿಪೇರಿ ಮಾಡುವುದು ಸುಲಭ, ನಿಂತು ಕೆಟ್ಟದ್ದನ್ನು ಮಾಡುವುದು ಕಷ್ಟ ಎಂದು ಮೇಸ್ತ್ರಿ ಹೋಗುವಾಗ ಹೇಳಿದರು. ಸಂಘಕ್ಕೂ ಈ ಮಾತು ಸಲ್ಲುತ್ತದೆ. ಎಲ್ಲರದು ಎಂದು ಕೈಬಿಟ್ಟದ್ದು ಯಾರದ್ದೂ ಅಲ್ಲದೆ ತುಕ್ಕು ಹಿಡಿಯುತ್ತದೆ. ಮುಂದಿನವರು ಗಾಡಿಯನ್ನೂ ಸಂಘವನ್ನೂ ನಿಲ್ಲಗೊಡದಿರಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.