ಸೈಟ್ ಕೆಲಸಕ್ಕೆ ಟೇಬಲ್ ಸಾ: ವ್ಯಾಟ್ ನೋಡುವ ಮುನ್ನ ಏನು ನೋಡಬೇಕು?

ಮುಂಬೈ ಇರಲಿ, ಪುಣೆ ಇರಲಿ, ಬೆಂಗಳೂರಿರಲಿ, ಹೊಸ ಫ್ಲ್ಯಾಟ್‌ನಲ್ಲಿ ಮರಗೆಲಸ ನಡೆಯುವ ಜಾಗಕ್ಕೆ ಒಮ್ಮೆ ಹೋಗಿ ನೋಡಿ. ಹಾಲ್‌ನ ನಡುವೆ ಪ್ಲೈವುಡ್ ತುಂಡುಗಳನ್ನು ಮೊಳೆ ಹೊಡೆದು ಮಾಡಿದ ಒಂದು ಮೇಜು ಇರುತ್ತದೆ. ಮೇಜಿನ ಮಧ್ಯೆ ಒಂದು ಸೀಳು, ಸೀಳಿನಿಂದ ತಲೆ ಎತ್ತಿದ ನಾಲ್ಕೈದು ಇಂಚಿನ ಬ್ಲೇಡ್. ಕೆಳಗೆ ಬಗ್ಗಿ ನೋಡಿದರೆ ತಲೆಕೆಳಗಾಗಿ ಸ್ಕ್ರೂ ಹಾಕಿ ಕೂರಿಸಿದ ಕಟರ್ ಮಷಿನ್. ಅದರ ಸ್ವಿಚ್ ಯಾವಾಗಲೂ ಆನ್. ಓಡಿಸುವುದೂ ನಿಲ್ಲಿಸುವುದೂ ಗೋಡೆಯ ಪ್ಲಗ್‌ನಿಂದಲೇ.

ಕೆಲಸ ಆಗುತ್ತದೆ, ಸುಳ್ಳಲ್ಲ. ಕೆಲವೇ ಸಾವಿರ ರೂಪಾಯಿಯ ಕಟರ್‌ನಿಂದ ಇಡೀ ಮನೆಯ ವಾರ್ಡ್‌ರೋಬ್, ಕಿಚನ್ ಮುಗಿಸುವ ಬಡಗಿಗಳ ಕೈಚಳಕ ದೊಡ್ಡದು. ಆದರೆ ಆ ಬ್ಲೇಡ್‌ಗೆ ಮೇಲೆ ಮುಚ್ಚಳವಿಲ್ಲ, ಹಿಂದೆ ಸೀಳುಪಟ್ಟಿ ಇಲ್ಲ, ಕೈಗೆ ಎಟಕುವ ಸ್ವಿಚ್ ಇಲ್ಲ. ತಪ್ಪಿದರೆ ಹೋಗುವುದು ಬೆರಳು. 2025ರವರೆಗೆ ಜಾರಿಯಲ್ಲಿದ್ದ 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಅನುಬಂಧದಲ್ಲಿ ಇದಕ್ಕೂ ಲೆಕ್ಕ ಬರೆದಿಟ್ಟಿದ್ದರು: ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ಶೇ. 30 ನಷ್ಟ, ತೋರುಬೆರಳು ಪೂರ್ತಿ ಹೋದರೆ ಶೇ. 14, ನಡುಬೆರಳಾದರೆ ಶೇ. 12. ಉಳಿ ಹಿಡಿಯುವ ಬಡಗಿಗೆ ಹೆಬ್ಬೆರಳು ಹೋದರೆ ಕಳೆದುಕೊಳ್ಳುವುದು ಶೇ. 30 ಮಾತ್ರವೇ ಎಂಬುದು ಬೇರೆ ಪ್ರಶ್ನೆ. ದಿನಗೂಲಿಗೆ ಬಂದವರಿಗೆ ಆ ಪರಿಹಾರವೂ ಸುಲಭವಾಗಿ ಕೈಗೆ ಬರುವುದಿಲ್ಲ.

ಹೀಗಾಗಿ ಸ್ವಂತ ತಂಡ ಕಟ್ಟಿಕೊಂಡು ಸೈಟ್‌ನಿಂದ ಸೈಟ್‌ಗೆ ಓಡಾಡುವ ಗುತ್ತಿಗೆದಾರರು, ಬಡಗಿಗಳು ಇವತ್ತು ಹೊತ್ತೊಯ್ಯಬಹುದಾದ ಟೇಬಲ್ ಸಾ ಕಡೆ ನೋಡುತ್ತಿದ್ದಾರೆ. ಬೆಲೆ ಹತ್ತಾರು ಸಾವಿರ. ಅಷ್ಟು ದುಡ್ಡು ಹಾಕುವ ಮುನ್ನ ತಿಳಿದಿರಬೇಕಾದ ಸಂಗತಿಗಳು ಇಲ್ಲಿವೆ.

8 ಇಂಚೋ, 10 ಇಂಚೋ?

ಸೈಟ್‌ಗೆಂದೇ ಮಾಡಿದ ಸಾಗಳಲ್ಲಿ ಮುಖ್ಯವಾಗಿ ಎರಡು ಅಳತೆ. ಒಂದು 210 ಮಿ.ಮೀ. ಅಂದರೆ ಎಂಟೂಕಾಲು ಇಂಚಿನ ಬ್ಲೇಡ್, ಇನ್ನೊಂದು 250ರಿಂದ 260 ಮಿ.ಮೀ., ಅಂದರೆ ಹತ್ತು ಇಂಚಿನದು. ಚಿಕ್ಕದು ಸುಮಾರು ಎರಡೂವರೆ ಇಂಚು ದಪ್ಪದವರೆಗೆ ಕೊಯ್ಯುತ್ತದೆ, ದೊಡ್ಡದು ಮೂರು ಇಂಚು ಅಥವಾ ಸ್ವಲ್ಪ ಹೆಚ್ಚು.

ಇಲ್ಲಿ ನಿಮ್ಮ ಕೆಲಸ ಏನು ಎಂದು ಕೇಳಿಕೊಳ್ಳಿ. ಫ್ಲ್ಯಾಟ್ ಒಳಾಂಗಣದ ಕೆಲಸ ಬಹುಪಾಲು 18 ಮಿ.ಮೀ. ಪ್ಲೈ, ಎಂಡಿಎಫ್, ರೀಪು. ಅದಕ್ಕೆ 210 ಮಿ.ಮೀ. ಧಾರಾಳ ಸಾಕು. ತೇಗ, ಹೊನ್ನೆ, ಸಾಲ್ ಮರದ ಬಾಗಿಲ ಚೌಕಟ್ಟನ್ನು ಸೈಟ್‌ನಲ್ಲೇ ಸೀಳುವವರಿಗೆ ಮಾತ್ರ ಹತ್ತು ಇಂಚಿನದು ನಿಜವಾಗಿ ಬೇಕು. 'ದೊಡ್ಡದಿದ್ದರೆ ಯಾವತ್ತಾದರೂ ಬೇಕಾಗುತ್ತೆ' ಎಂದು ಕೊಂಡವರು, ಲಿಫ್ಟ್ ಕೆಟ್ಟ ದಿನ ಅದನ್ನು ಏಳನೇ ಮಹಡಿಗೆ ಹೊರುವಾಗ ಪಶ್ಚಾತ್ತಾಪ ಪಡುತ್ತಾರೆ. ಸಾ ಒಂದೇ 20ರಿಂದ 30 ಕೆ.ಜಿ. ತೂಗುತ್ತದೆ. ಚಕ್ರದ ಸ್ಟ್ಯಾಂಡ್ ಸೇರಿದರೆ ಇನ್ನೂ ಹೆಚ್ಚು.

24 ಇಂಚಿನ ಲೆಕ್ಕ

ಬ್ಲೇಡ್‌ಗಿಂತ ಹೆಚ್ಚು ಮುಖ್ಯವಾದ ಇನ್ನೊಂದು ಅಳತೆ ಇದೆ. ಬ್ಲೇಡ್‌ನಿಂದ ಬಲಕ್ಕೆ ಫೆನ್ಸ್ ಎಷ್ಟು ದೂರ ಸರಿಯುತ್ತದೆ ಎಂಬುದು. ಫೆನ್ಸ್ ಎಂದರೆ ಹಲಗೆ ಒರಗಿ ಸಾಗುವ ನೇರ ಪಟ್ಟಿ. ನಮ್ಮಲ್ಲಿ ಪ್ಲೈ ಶೀಟ್ 8x4 ಅಡಿ. ನಾಲ್ಕು ಅಡಿಯನ್ನು ಸಮ ಎರಡು ಭಾಗ ಮಾಡಬೇಕಾದರೆ ಫೆನ್ಸ್ 24 ಇಂಚು, ಅಂದರೆ 610 ಮಿ.ಮೀ. ಸರಿಯಬೇಕು. ವಾರ್ಡ್‌ರೋಬ್‌ನ ಆಳವೂ ಹೆಚ್ಚುಕಡಿಮೆ ಇಷ್ಟೇ. ಇದಕ್ಕಿಂತ ಕಡಿಮೆ ಸರಿಯುವ ಸಾ ಕೊಂಡರೆ ಪಕ್ಕದ ಪ್ಯಾನೆಲ್‌ಗಳಿಗೆ ಮತ್ತೆ ಹಳೆಯ ಕಟರ್‌ನ ಮೊರೆ ಹೋಗಬೇಕಾಗುತ್ತದೆ. ಜಾಹೀರಾತಿನಲ್ಲಿ ದೊಡ್ಡಕ್ಷರದಲ್ಲಿ ವ್ಯಾಟ್ ಹಾಕಿ, ಈ ಅಳತೆಯನ್ನು ಕೊನೆಯ ಸಾಲಿನಲ್ಲಿ ಇಟ್ಟಿರುತ್ತಾರೆ. ಅಲ್ಲಿಂದಲೇ ಓದಲು ಶುರುಮಾಡಿ.

ಫೆನ್ಸ್ ಗಟ್ಟಿಯಾಗಿದೆಯೇ ಎಂಬುದು ಅಂಗಡಿಯಲ್ಲೇ ಗೊತ್ತಾಗುತ್ತದೆ. ಲಾಕ್ ಮಾಡಿ, ಹಿಂದಿನ ತುದಿಯನ್ನು ಹಿಡಿದು ಪಕ್ಕಕ್ಕೆ ತಳ್ಳಿ. ಅಲುಗಾಡಿದರೆ ಬೇಡ. ಬ್ಲೇಡ್‌ನ ಒಂದೇ ಹಲ್ಲಿಗೆ ಗುರುತು ಹಾಕಿ, ಆ ಹಲ್ಲನ್ನು ಮುಂದೆ ತಂದು ಒಮ್ಮೆ, ಹಿಂದಕ್ಕೆ ತಿರುಗಿಸಿ ಒಮ್ಮೆ, ಫೆನ್ಸ್‌ವರೆಗಿನ ಅಂತರ ಅಳೆಯಿರಿ. ಎರಡೂ ಒಂದೇ ಇರಬೇಕು. ಹಿಂದಿನ ಅಂತರ ಕಡಿಮೆ ಬಂದರೆ ಹಲಗೆ ಬ್ಲೇಡ್‌ಗೂ ಫೆನ್ಸ್‌ಗೂ ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ. ಆಗ ಏನಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು.

ಹಲಗೆ ಹಿಂದಕ್ಕೆ ಹಾರುವುದೇಕೆ?

ಹತ್ತು ಇಂಚಿನ ಬ್ಲೇಡ್ ನಿಮಿಷಕ್ಕೆ 4,000 ಸುತ್ತು ತಿರುಗುತ್ತಿದೆ ಎನ್ನಿ. ಅದರ ಹಲ್ಲುಗಳ ವೇಗ ಸೆಕೆಂಡಿಗೆ ಸುಮಾರು 53 ಮೀಟರ್, ಗಂಟೆಗೆ 190 ಕಿ.ಮೀ. ದಾಟುತ್ತದೆ. ಬ್ಲೇಡ್‌ನ ಮುಂದಿನ ಹಲ್ಲುಗಳು ಹಲಗೆಯನ್ನು ಕೆಳಕ್ಕೆ, ಮೇಜಿನ ಕಡೆಗೆ ಒತ್ತುತ್ತವೆ. ಅದು ಸುರಕ್ಷಿತ. ಹಿಂದಿನ ಹಲ್ಲುಗಳು ಮಾತ್ರ ಮೇಜಿನೊಳಗಿನಿಂದ ಮೇಲೆದ್ದು ನಿಮ್ಮ ಕಡೆಗೇ ಬರುತ್ತಿರುತ್ತವೆ. ಕೊಯ್ದ ಸೀಳು ಮುಚ್ಚಿಕೊಂಡೋ, ಹಲಗೆ ಓರೆಯಾಗಿಯೋ ಆ ಹಿಂದಿನ ಹಲ್ಲುಗಳಿಗೆ ತಾಗಿದರೆ ಅವು ಹಲಗೆಯನ್ನು ಎತ್ತಿ ನಿಮ್ಮ ಹೊಟ್ಟೆಯತ್ತ ಎಸೆಯುತ್ತವೆ. ಹಲಗೆ ಹಾರುವಾಗ ಅದನ್ನು ತಳ್ಳುತ್ತಿದ್ದ ಕೈ ಆಧಾರ ತಪ್ಪಿ ಬ್ಲೇಡ್ ಮೇಲೆ ಬೀಳುತ್ತದೆ. ಎಷ್ಟೋ ಅಪಘಾತಗಳು ಆಗುವುದು ಹೀಗೆಯೇ ಹೊರತು, ಯಾರೂ ಕಣ್ಣು ಮುಚ್ಚಿ ಬೆರಳಿಟ್ಟದ್ದರಿಂದಲ್ಲ. ಹಸಿ ಮರ, ಒಳಗೆ ಬಿಗುವಿರುವ ಮರ ಕೊಯ್ಯುತ್ತಿರುವಂತೆಯೇ ಮುಚ್ಚಿಕೊಳ್ಳುತ್ತದೆ. ಕಟರ್ ಮೇಜಿನಲ್ಲಿ ರೀಪು ಸೀಳುವಾಗ ಸಹಾಯಕ ಸೀಳಿನೊಳಗೆ ಸ್ಕ್ರೂಡ್ರೈವರ್ ತೂರಿಸಿ ಹಿಡಿಯುವುದು ಇದೇ ಕಾರಣಕ್ಕೆ.

ಆ ಸ್ಕ್ರೂಡ್ರೈವರ್‌ನ ಕೆಲಸವನ್ನು ಯಂತ್ರವೇ ಮಾಡುವ ಭಾಗಕ್ಕೆ ರಿವಿಂಗ್ ನೈಫ್ ಎನ್ನುತ್ತಾರೆ. ಬ್ಲೇಡ್‌ನ ಹಿಂದೆ ಅಂಟಿಕೊಂಡಂತೆ ನಿಂತ, ಬಾಗಿದ ಉಕ್ಕಿನ ಪಟ್ಟಿ ಅದು. ಬ್ಲೇಡ್ ಏರಿದರೆ ಏರುತ್ತದೆ, ಇಳಿದರೆ ಇಳಿಯುತ್ತದೆ, ವಾಲಿದರೆ ಜೊತೆಗೇ ವಾಲುತ್ತದೆ. ಸೀಳು ಮುಚ್ಚದಂತೆ, ಹಲಗೆ ಹಿಂದಿನ ಹಲ್ಲಿಗೆ ತಾಗದಂತೆ ತಡೆಯುತ್ತದೆ. ಇದಿಲ್ಲದ ಸಾ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಕೊಳ್ಳಬೇಡಿ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗಲಂತೂ ಮೊದಲು ಇದನ್ನೇ ಕೇಳಿ. 'ಅಡ್ಡ ಬರುತ್ತೆ' ಎಂದು ಬಿಚ್ಚಿ ಎಲ್ಲೋ ಕಳೆದವರೇ ಜಾಸ್ತಿ.

ಬ್ಲೇಡ್ ಬದಲಿಸುವಾಗಲೂ ಇದರ ನೆನಪಿರಲಿ. ಪಟ್ಟಿಯ ದಪ್ಪ ಬ್ಲೇಡ್‌ನ ತಟ್ಟೆಗಿಂತ ಹೆಚ್ಚು, ಹಲ್ಲಿನ ಅಗಲಕ್ಕಿಂತ ಕಡಿಮೆ ಇರಬೇಕು. ಎರಡೂ ಅಂಕಿ ಬ್ಲೇಡ್ ಮೇಲೆಯೇ ಬರೆದಿರುತ್ತದೆ. ತೀರಾ ತೆಳು ಬ್ಲೇಡ್ ಹಾಕಿದರೆ ಹಲಗೆ ಪಟ್ಟಿಗೆ ಬಂದು ನಿಂತುಬಿಡುತ್ತದೆ, ಆಗ ಜೋರಾಗಿ ತಳ್ಳುವ ತಪ್ಪು ಮಾಡುತ್ತೇವೆ.

ಕರೆಂಟಿನ ಮಾತು

ಈ ಸಾಗಳ ಮೋಟಾರ್ 1,500ರಿಂದ 2,000 ವ್ಯಾಟ್. ನಮ್ಮ 230 ವೋಲ್ಟ್‌ಗೆ 1,800 ವ್ಯಾಟ್ ಎಂದರೆ ಸುಮಾರು 8 ಆಂಪಿಯರ್. ಅಂದರೆ 6 ಆಂಪಿಯರ್‌ನ ಮಾಮೂಲಿ ಪ್ಲಗ್ ಪಾಯಿಂಟ್ ಸಾಲದು, 16 ಆಂಪಿಯರ್‌ನ ಪವರ್ ಪಾಯಿಂಟ್ ಬೇಕು. ಎಕ್ಸ್‌ಟೆನ್ಷನ್ ವೈರ್ 2.5 ಚದರ ಮಿ.ಮೀ. ತಾಮ್ರದ್ದಿರಲಿ. ತೆಳು ವೈರ್‌ನಲ್ಲಿ ವೋಲ್ಟೇಜ್ ಕುಸಿದು ಮೋಟಾರ್ ಬಿಸಿಯಾಗುತ್ತದೆ, ದೋಷ ಯಂತ್ರದ ತಲೆಗೆ ಬರುತ್ತದೆ. ತಾತ್ಕಾಲಿಕ ಕನೆಕ್ಷನ್ ಇರುವ ಸೈಟ್‌ಗಳಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇದೆಯೇ ಎಂದು ನೋಡಿಯೇ ಪ್ಲಗ್ ಹಾಕಿ.

ಅಮೆರಿಕದಲ್ಲಿರುವ ಮಗನೋ ಅಳಿಯನೋ ಅಲ್ಲಿಂದ ತರುತ್ತೇನೆ ಎಂದರೆ ಬೇಡ ಎನ್ನಿ. ಅಲ್ಲಿನ ಸಾಗಳು 120 ವೋಲ್ಟ್‌ನವು. ಬ್ಲೇಡ್ ಕೂರುವ ದಂಡದ ಅಳತೆಯೂ ಬೇರೆ, ಐದೆಂಟನೇ ಇಂಚು. ಇಲ್ಲಿ ಬರುವ ಬ್ರ್ಯಾಂಡೆಡ್ ಟೇಬಲ್ ಸಾಗಳ ಬ್ಲೇಡ್‌ಗೆ ಸಾಮಾನ್ಯವಾಗಿ 30 ಮಿ.ಮೀ. ತೂತು. ಬ್ಯಾಟರಿಯಿಂದ ಓಡುವ 210 ಮಿ.ಮೀ. ಸಾಗಳೂ ಬಂದಿವೆ. ಕರೆಂಟ್ ಇನ್ನೂ ಬಾರದ ಕಟ್ಟಡಕ್ಕೆ ಅನುಕೂಲ, ಆದರೆ ಗಟ್ಟಿ ಮರ ಸೀಳತೊಡಗಿದರೆ ಬ್ಯಾಟರಿ ಬೇಗ ಇಳಿಯುತ್ತದೆ.

ಸಾಫ್ಟ್ ಸ್ಟಾರ್ಟ್ ಇದ್ದರೆ ಒಳ್ಳೆಯದು. ಅದಕ್ಕಿಂತ ಮುಖ್ಯ, ಕರೆಂಟ್ ಹೋಗಿ ಬಂದಾಗ ತಾನಾಗಿ ತಿರುಗಲು ಶುರುಮಾಡದ ಸ್ವಿಚ್. ಲೋಡ್‌ಶೆಡ್ಡಿಂಗ್‌ನ ನಾಡಿನಲ್ಲಿ ಇದು ಐಷಾರಾಮವಲ್ಲ. ಆಫ್ ಬಟನ್ ದೊಡ್ಡದಾಗಿ, ಮೊಣಕಾಲಿನಿಂದ ತಳ್ಳಿದರೂ ನಿಲ್ಲುವಂತಿರಬೇಕು.

ಬೆರಳು ತಾಗಿದರೆ ನಿಲ್ಲುವ ಸಾ

ವಿಡಿಯೊಗಳಲ್ಲಿ ನೋಡಿರುತ್ತೀರಿ: ತಿರುಗುವ ಬ್ಲೇಡ್‌ಗೆ ಸಾಸೇಜ್ ತಾಗಿಸಿದರೆ ಫಟ್ಟನೆ ನಿಂತುಬಿಡುತ್ತದೆ. ಅಮೆರಿಕದ ಪೇಟೆಂಟ್ ವಕೀಲ, ಭೌತಶಾಸ್ತ್ರ ಓದಿದ್ದ ಸ್ಟೀವ್ ಗ್ಯಾಸ್ ಕಂಡುಹಿಡಿದ ಸಾಸ್ಟಾಪ್ ತಂತ್ರ ಅದು. ಬ್ಲೇಡ್‌ನಲ್ಲಿ ಸಣ್ಣ ವಿದ್ಯುತ್ ಸಂಕೇತ ಹರಿಯುತ್ತಿರುತ್ತದೆ. ಮೈ ತಾಗಿದರೆ ಸಂಕೇತ ಬದಲಾಗಿ, ಸುಮಾರು 5 ಮಿಲಿಸೆಕೆಂಡ್‌ನೊಳಗೆ ಅಲ್ಯೂಮಿನಿಯಂ ತುಂಡೊಂದು ಹಲ್ಲುಗಳಿಗೆ ಕಚ್ಚಿಕೊಳ್ಳುತ್ತದೆ. ಸೈಟ್‌ಗೆ ಒಯ್ಯುವ ಮಾದರಿ 2015ರಲ್ಲಿ ಬಂತು. ಬಾಷ್ ಕಂಪನಿ ಬ್ಲೇಡನ್ನೇ ಕೆಳಕ್ಕೆ ಎಳೆದುಕೊಳ್ಳುವ ಬೇರೊಂದು ಸಾ ತಂದಿತ್ತು. ಪೇಟೆಂಟ್ ವಿವಾದದಲ್ಲಿ 2017ರಲ್ಲಿ ಅಮೆರಿಕಕ್ಕೆ ಅದರ ಆಮದು ನಿಂತಿತು. ಅಮೆರಿಕದಲ್ಲಿ ಟೇಬಲ್ ಸಾ ಬ್ಲೇಡ್ ತಾಗಿ ಆಸ್ಪತ್ರೆಯ ತುರ್ತು ವಿಭಾಗ ಸೇರುವವರು ವರ್ಷಕ್ಕೆ ಸುಮಾರು 30,000 ಎಂದು ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗದ ಅಂದಾಜು. ಮುಚ್ಚಳ, ಪಟ್ಟಿ ಎಲ್ಲ ಇರುವ ಯಂತ್ರಗಳ ದೇಶದ ಕಥೆ ಇದು.

ಒಮ್ಮೆ ಬ್ರೇಕ್ ಬಿದ್ದರೆ ಕಾರ್ಟ್ರಿಡ್ಜ್ ಹೊಸದು ಹಾಕಬೇಕು, ಬ್ಲೇಡ್ ಕೂಡ ಸಾಮಾನ್ಯವಾಗಿ ಹಾಳಾಗುತ್ತದೆ. ತೀರಾ ಹಸಿ ಮರವನ್ನು ಅದು ಕೈ ಎಂದೇ ತಿಳಿಯಬಹುದು. ಬಜೆಟ್‌ಗೆ ಎಟಕದಿದ್ದರೆ ಕೊರಗಬೇಕಿಲ್ಲ. ರಿವಿಂಗ್ ನೈಫ್, ಮೇಲಿನ ಮುಚ್ಚಳ ಮತ್ತು ಹಲಗೆ ತಳ್ಳುವ ಕೋಲು ಇವಿಷ್ಟನ್ನು ಬಿಡದೆ ಬಳಸಿದರೆ ಅಪಾಯ ಬಹಳಷ್ಟು ಇಳಿಯುತ್ತದೆ.

ಬ್ಲೇಡ್, ಹೊಟ್ಟು, ಜಾಗ

ಯಂತ್ರದ ಜೊತೆ ಬರುವ ಬ್ಲೇಡ್ ಸಾಮಾನ್ಯವಾಗಿ ಮರ ಸೀಳಲು ಸರಿ, ಸನ್‌ಮೈಕಾ ಅಂಟಿಸಿದ ಪ್ಲೈಗೆ ಅಲ್ಲ. ಉದ್ದಕ್ಕೆ ಸೀಳಲು 24 ಹಲ್ಲು, ಎಲ್ಲದಕ್ಕೂ 40, ಅಂಚು ಚಕ್ಕೆ ಏಳದಂತೆ ಪ್ಲೈ, ಲ್ಯಾಮಿನೇಟ್ ಕೊಯ್ಯಲು 60ರಿಂದ 80. ಬಜೆಟ್‌ನಲ್ಲಿ ಎರಡು ಒಳ್ಳೆಯ ಬ್ಲೇಡ್‌ನ ದುಡ್ಡನ್ನು ಮೊದಲೇ ಎತ್ತಿಡಿ. ಬ್ಲೇಡ್ ಮೇಲಿನ ಗರಿಷ್ಠ ಸುತ್ತಿನ ಅಂಕಿ ಯಂತ್ರದ ವೇಗಕ್ಕಿಂತ ಹೆಚ್ಚಿರಲೇಬೇಕು.

ಮರದ ಹೊಟ್ಟನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಕಿಟಕಿ ಮುಚ್ಚಿದ ಫ್ಲ್ಯಾಟ್‌ನಲ್ಲಿ ಎಂಡಿಎಫ್ ಕೊಯ್ಯುವವರ ಸ್ಥಿತಿ ಊಹಿಸಿ. ಸಾದ ಹಿಂದೆ ಹೊಟ್ಟಿನ ಕೊಳವೆ ಇರುತ್ತದೆ, ನಿಮ್ಮ ವ್ಯಾಕ್ಯೂಮ್‌ನ ಪೈಪ್ ಅದಕ್ಕೆ ಕೂರುತ್ತದೆಯೇ ನೋಡಿ. ಆದರೂ ಮಾಸ್ಕ್ ಬೇಕು, ಕಿವಿಗೆ ಪ್ಲಗ್ ಬೇಕು. ಗ್ಲೌಸ್ ಮಾತ್ರ ಬೇಡ: ಬ್ಲೇಡ್ ಬಟ್ಟೆಯನ್ನು ಹಿಡಿದರೆ ಕೈಯನ್ನೇ ಎಳೆದುಕೊಳ್ಳುತ್ತದೆ. ಮುಂಗೈಯ ದಾರ, ಸಡಿಲ ತೋಳಿನ ಅಂಗಿಯೂ ಅಷ್ಟೇ.

ಇನ್ನು ಜಾಗ. ಎಂಟಡಿ ಶೀಟ್ ಸೀಳಬೇಕಾದರೆ ಸಾದ ಮುಂದೆ ಎಂಟಡಿ, ಹಿಂದೆ ಎಂಟಡಿ ಬೇಕು. ಮುಂಬೈಯ ಎಷ್ಟು ಬೆಡ್‌ರೂಮ್‌ಗಳಲ್ಲಿ ಅಷ್ಟಿದೆ? ಚಿಕ್ಕ ಮೇಜಿನ ಮೇಲೆ ಪೂರ್ತಿ ಶೀಟ್ ಇಟ್ಟರೆ ಅದು ಒಂದು ಕಡೆ ವಾಲಿ, ಮೇಲೆ ಹೇಳಿದ ಹಾರಾಟಕ್ಕೆ ದಾರಿ. ಶೀಟನ್ನು ಮೊದಲು ನೆಲದ ಮೇಲೆ ರೀಪು ಹಾಸಿ, ಕೈಯಲ್ಲಿ ಹಿಡಿಯುವ ಸರ್ಕ್ಯುಲರ್ ಸಾ ಮತ್ತು ನೇರ ಪಟ್ಟಿಯಿಂದ ಸ್ವಲ್ಪ ದೊಡ್ಡದಾಗಿ ತುಂಡು ಮಾಡಿಕೊಳ್ಳಿ. ನಿಖರ ಅಳತೆಗೆ ಮಾತ್ರ ಟೇಬಲ್ ಸಾ ಬಳಸಿ. ಕೆಲಸ ಪೂರ್ತಿ ಪ್ಲೈಯದ್ದೇ ಆಗಿದ್ದರೆ, ಹಳಿಯ ಮೇಲೆ ಓಡುವ ಟ್ರ್ಯಾಕ್ ಸಾ ಒಂದೇ ಸಾಕೇ ಎಂದೂ ಯೋಚಿಸಬಹುದು.

ಕೊಳ್ಳುವ ದಿನ ಅಂಗಡಿಯವರನ್ನು ಕೇಳಬೇಕಾದದ್ದು ರಿಯಾಯಿತಿ ಒಂದೇ ಅಲ್ಲ. ಕಾರ್ಬನ್ ಬ್ರಷ್ ನಿಮ್ಮ ಊರಲ್ಲೇ ಸಿಗುತ್ತದೆಯೇ, ಸರ್ವಿಸ್ ಸೆಂಟರ್ ಎಲ್ಲಿದೆ, ವಾರಂಟಿ ಕಾರ್ಡ್‌ಗೆ ಸೀಲು ಹಾಕಿಕೊಡುತ್ತಾರೆಯೇ ಎಂದು ಕೇಳಿ. ಪೆಟ್ಟಿಗೆ ಬಿಚ್ಚಿಸಿ, ಮುಚ್ಚಳ, ರಿವಿಂಗ್ ನೈಫ್, ತಳ್ಳುವ ಕೋಲು, ಬ್ಲೇಡ್ ಬಿಚ್ಚುವ ಸ್ಪ್ಯಾನರ್ ಎಲ್ಲ ಇವೆಯೇ ಎಂದು ಅಲ್ಲೇ ಎಣಿಸಿಕೊಳ್ಳಿ. ಕೆಲಸದ ಹುಡುಗನನ್ನೂ ಜೊತೆಗೆ ಕರೆದೊಯ್ಯಿರಿ. ಯಂತ್ರದ ಮುಂದೆ ದಿನವಿಡೀ ನಿಲ್ಲುವವನು ಅವನೇ.